ಟ್ರಂಕಿನಲ್ಲಿಲ್ಲದ ಹಾಳೆ

ಸಿದ್ಧಕಟ್ಟೆ ಪೇಟೆಯಿಂದ ಒಳರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಆ ಮನೆಯ ಚಾವಡಿಯಲ್ಲಿ ಒಂದು ಕಬ್ಬಿಣದ ಟ್ರಂಕ್ ಇದೆ. ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರಗಳಲ್ಲಿ ನಂಬರು, ರ‍್ಯಾಂಕು, ಹೆಸರು. ಹೆಸರಿನ ಎರಡು ಅಕ್ಷರಗಳನ್ನು ಕರಾವಳಿಯ ಮಳೆಗಾಲ ತಿಂದುಹಾಕಿದೆ. ಮನೆಯ ಯಜಮಾನರು ಫಿರಂಗಿ ದಳದಲ್ಲಿ 22 ವರ್ಷ ದುಡಿದು 2009ರಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಊರಿನವರಿಗೆ ಅವರು 'ಮಿಲಿಟ್ರಿಯಣ್ಣ'. ಕಳೆದ ಎಪ್ರಿಲ್‌ನಲ್ಲಿ ನಾನು ಹೋದಾಗ ಅವರ ಬಲಗಡೆ ಕೂತುಕೊಳ್ಳಲು ಹೇಳಿದರು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಜೋರಾಗಿ ಹೇಳಿದ್ದು ಮಾತ್ರ ಕೇಳುತ್ತದೆ. ಅವರ ಹೆಂಡತಿ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ, ನನ್ನ ಪ್ರಶ್ನೆಗಳಲ್ಲಿ ಅರ್ಧವನ್ನು ಗಂಡನ ಕಿವಿಯ ಹತ್ತಿರ ಮತ್ತೊಮ್ಮೆ ಹೇಳುತ್ತಿದ್ದರು.

ಟ್ರಂಕಿನಿಂದ ಅವರು ತೆಗೆದುಕೊಟ್ಟ ಕಾಗದ ಬಿಡುಗಡೆಗೆ ಮುಂಚಿನ ವೈದ್ಯಕೀಯ ಮಂಡಳಿಯದು. ಕಿವಿಯ ನಷ್ಟ ಶೇ. 20 ಎಂದು ಬರೆದಿದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಈ ತೊಂದರೆ ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಸಹಿ ಹಾಕುವಾಗ ಅವರು ಶೇಕಡಾವಾರು ನೋಡಿದ್ದರು, ಸಾಲನ್ನು ಓದಿರಲಿಲ್ಲ. ಅದನ್ನು ಓದಿ ಹೇಳಿದ್ದು ಡಿಗ್ರಿ ಮುಗಿಸಿದ ಮಗ, ಹತ್ತಾರು ವರ್ಷಗಳ ನಂತರ.

"22 ವರ್ಷ ತೋಪಿನ ಬುಡದಲ್ಲಿ ನಿಂತವನ ಕಿವಿ ಮತ್ತೆ ಹೇಗೆ ಹೋದದ್ದು ಮಾರಾಯ್ರೆ? ಚೆಂಡೆಯ ಹತ್ತಿರ ಕೂತು ಆಟ ನೋಡಿ ಹೋದದ್ದಾ?"

ಈ ಪ್ರಶ್ನೆಯ ಸುತ್ತ ದೇಶದ ಕಾನೂನು ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬೆಳೆದುಬಂದಿದೆ. ಸೈನಿಕನ ಯಾವ ಕಾಯಿಲೆ ಸೇವೆಯದು, ಯಾವುದು ಅವನ ದೇಹದ್ದೇ? ಅದನ್ನು ರುಜುವಾತು ಮಾಡಬೇಕಾದವರು ಯಾರು? ಮಾಜಿ ಸೈನಿಕರ ಬಾಯಲ್ಲಿ ಡಿಸೆಬಿಲಿಟಿ ಪೆನ್ಶನ್ ಎನಿಸಿಕೊಂಡ ಅಂಗವೈಕಲ್ಯ ಪಿಂಚಣಿ ನಿಂತಿರುವುದು ಈ ಎರಡರ ಮೇಲೆ. ಕಾನೂನು ಸೈನಿಕನ ಹೆಗಲಿನಿಂದ ಇಳಿಸಿದ ಭಾರವನ್ನು ಕಾಗದಪತ್ರದ ರೂಢಿ ಮತ್ತೆ ಅವನ ಹೆಗಲಿಗೇ ಹೊರಿಸುತ್ತಿದೆ ಎಂಬುದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕೆಲವು ಮನೆಗಳ ಟ್ರಂಕು ಬಿಚ್ಚಿ ನೋಡಿದ ಮೇಲೆ ನನಗೆ ಖಚಿತವಾಗಿದೆ.

ನಮ್ಮ ಜಿಲ್ಲೆ ಕೊಡಗಿನಂತಲ್ಲ. ಅಲ್ಲಿ ಮನೆಗೊಬ್ಬರು ಸೇನೆಯ ಮಾತನಾಡುವವರು ಸಿಗುತ್ತಾರೆ, ಯಾವ ಅರ್ಜಿ ಎಲ್ಲಿಗೆ ಎಂದು ಹೇಳಿಕೊಡುವ ಹಿರಿಯರಿರುತ್ತಾರೆ. ಇಲ್ಲಿಯ ಹುಡುಗರು ಮುಂಬಯಿಗೆ ಹೋದರು, ಗಲ್ಫ್‌ಗೆ ಹೋದರು. ಸೇನೆಗೆ ಹೋದವರು ಊರಿಗೆ ಇಬ್ಬರೋ ಮೂವರೋ. ಮರಳಿ ಬಂದು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಂತರು, ಶಾಲೆಯ ಬಸ್ಸು ಓಡಿಸಿದರು, ಅಡಿಕೆ ತೋಟ ನೋಡಿಕೊಂಡರು. ಪಕ್ಕದ ಮನೆಯವರಿಗೆ ರಿಲೀಸ್ ಮೆಡಿಕಲ್ ಬೋರ್ಡ್ ಎಂದರೆ ಏನೆಂದು ತಿಳಿಯದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಮಂಗಳೂರಿನಲ್ಲಿದೆ. ಬಿ.ಸಿ.ರೋಡಿನವರಿಗೆ ಅದು ಒಂದು ಬಸ್ಸಿನ ದಾರಿ. ಚಾರ್ಮಾಡಿಯ ಬುಡದ ನೆರಿಯ, ಕಕ್ಕಿಂಜೆ ಕಡೆಯವರಿಗೆ ಒಂದು ದಿನದ ಕೆಲಸ.

ಆದರೂ ಈ ತಾಲೂಕುಗಳಿಗೆ ಸೇನೆಯ ಕಾಯುವಿಕೆ ಏನೆಂದು ಗೊತ್ತು. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ ಬಂಗಾಳಕೊಲ್ಲಿಯ ಮೇಲೆ ಕಾಣೆಯಾದಾಗ ಅದರಲ್ಲಿದ್ದ 29 ಮಂದಿಯಲ್ಲಿ ಬೆಳ್ತಂಗಡಿಯ ಗುರುವಾಯನಕೆರೆಯ ಮಾಜಿ ಸೈನಿಕರೊಬ್ಬರಿದ್ದರು. ಸಮುದ್ರದ ತಳದಲ್ಲಿ ಅವಶೇಷ ಕಂಡ ಸುದ್ದಿ ಬಂದದ್ದು 2024ರ ಜನವರಿಯಲ್ಲಿ, ಏಳೂವರೆ ವರ್ಷಗಳ ನಂತರ. ಅದೇ 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತದಡಿ ಆರು ದಿನ ಜೀವ ಹಿಡಿದುಕೊಂಡಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ಕರ್ನಾಟಕ ಹರಕೆ ಹೊತ್ತಿತು. ಸತ್ತವರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಅದೇ ಹಿಮದಲ್ಲಿ ಕಾಲಿನ ಬೆರಳು ಕಳೆದುಕೊಂಡು, ಶ್ವಾಸಕೋಶ ಕೆಡಿಸಿಕೊಂಡು, ನಿದ್ದೆ ಕಳೆದುಕೊಂಡು ಊರಿಗೆ ಬಂದವನನ್ನು ಮಾತ್ರ ಗುರುತಿಸುವುದಿಲ್ಲ.

ನಿಯಮದ ಮೂಲ 1961ರ ಸೇನಾ ಪಿಂಚಣಿ ನಿಯಮಾವಳಿ. ಅದರ 173ನೆಯ ನಿಯಮದ ಪ್ರಕಾರ ತೊಂದರೆ ಸೇವೆಯಿಂದ ಉಂಟಾಗಿರಬೇಕು ಇಲ್ಲವೇ ಉಲ್ಬಣಿಸಿರಬೇಕು, ಮತ್ತು ಅದರ ಪ್ರಮಾಣ ಶೇ. 20ಕ್ಕಿಂತ ಕಡಿಮೆ ಇರಬಾರದು. ಇದರ ಜೊತೆಗೆ 1982ರ ಅರ್ಹತಾ ನಿಯಮಗಳು ಬಂದವು. ಅವುಗಳಲ್ಲಿ ಎರಡು ಮಾತು ಬಹಳ ದೊಡ್ಡವು. ಮೊದಲನೆಯದು, ಸೇನೆಗೆ ಸೇರುವಾಗಿನ ತಪಾಸಣೆಯಲ್ಲಿ ಕಾಯಿಲೆ ಎಂದು ಬರೆದಿಲ್ಲದಿದ್ದರೆ ಅವನು ಪೂರ್ಣ ಆರೋಗ್ಯವಂತನಾಗಿ ಸೇರಿದನೆಂದೇ ತಿಳಿಯಬೇಕು. ನಂತರ ಬಂದ ಕಾಯಿಲೆಗೆ ಸೇವೆಯೇ ಕಾರಣವೆಂಬ ಊಹೆ ಆ ನಿಯಮಗಳಲ್ಲಿ ಅವನ ಪರವಾಗಿತ್ತು. ಎರಡನೆಯದು, ರುಜುವಾತಿನ ಹೊಣೆ ಅವನದಲ್ಲ, ಸಂಶಯವಿದ್ದರೆ ಅದರ ಲಾಭ ಅವನಿಗೆ. ಇಷ್ಟು ಉದಾರವಾದ ಮಾತು ನಮ್ಮ ದೇಶದ ಬೇರೆ ಕಾರ್ಮಿಕ ಕಾನೂನುಗಳಲ್ಲಿ ಅಪರೂಪ. ಉದಾರವಾದದ್ದಕ್ಕೆ ಕಾರಣವೂ ಇದೆ. ಸೈನಿಕ ತನ್ನ ಊರು, ಊಟ, ನಿದ್ದೆ, ಹವೆ ಯಾವುದನ್ನೂ ತಾನು ಆರಿಸಿಕೊಂಡಿರುವುದಿಲ್ಲ. ಅವನ ವೈದ್ಯರೂ ಸೇನೆಯವರೇ, ಅವನ ದಾಖಲೆಗಳೂ ಸೇನೆಯ ಕೈಯಲ್ಲೇ.

ಹೀಗಿದ್ದರೂ ಮಂಡಳಿಗಳು 'ಉಂಟಾದದ್ದಲ್ಲ, ಉಲ್ಬಣಿಸಿದ್ದೂ ಅಲ್ಲ' ಎಂಬ ಸಾಲನ್ನು ಕಾರಣ ಕೊಡದೆ ಬರೆಯುತ್ತಾ ಹೋದವು. ಸಿಗ್ನಲ್ ದಳದ ಧರಮ್‌ವೀರ್ ಸಿಂಗ್ 1985ರಲ್ಲಿ ಸೇರಿದವರು. ಮೂರ್ಛೆರೋಗದ ಕಾರಣ 1994ರಲ್ಲಿ ಅವರನ್ನು ಬೋರ್ಡ್ ಔಟ್ ಮಾಡಿದರು, ಎಂದರೆ ಅವಧಿಗೆ ಮೊದಲೇ ಸೇವೆಯಿಂದ ಬಿಡುಗಡೆ ಮಾಡಿದರು. ರೋಗ ಹುಟ್ಟಿನಿಂದ ಬಂದ ದೇಹಪ್ರಕೃತಿಯದು ಎಂದು ಪಿಂಚಣಿ ನಿರಾಕರಿಸಿದರು. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಸರಳವಾದ ಮಾತು: ಸೇರುವಾಗ ಕಾಣದ ರೋಗ ದೇಹಪ್ರಕೃತಿಯದು ಎನ್ನುವುದಾದರೆ ಯಾಕೆ ಎಂದು ಮಂಡಳಿ ಬರೆಯಬೇಕು. ಬರೆಯದಿದ್ದರೆ ಊಹೆ ಸೈನಿಕನ ಪರ ನಿಲ್ಲುತ್ತದೆ. 2014ರ ಸುಖ್‌ವಿಂದರ್ ಸಿಂಗ್ ಪ್ರಕರಣ, 2015ರ ರಾಜ್‌ಬೀರ್ ಸಿಂಗ್ ಪ್ರಕರಣ ಇದನ್ನು ಇನ್ನಷ್ಟು ಗಟ್ಟಿ ಮಾಡಿದವು. 2025ರಲ್ಲೂ ಸುಪ್ರೀಂ ಕೋರ್ಟ್ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಸಕ್ಕರೆ ಕಾಯಿಲೆಯ ಪ್ರಕರಣವೊಂದರಲ್ಲಿ, ಕಾಯಿಲೆ ಪೀಸ್ ಸ್ಟೇಷನ್‌ನಲ್ಲಿ ಶುರುವಾಯಿತು ಎಂಬುದಷ್ಟೇ ನಿರಾಕರಣೆಗೆ ಸಾಕಾಗುವುದಿಲ್ಲ ಎಂದಿತು. ಗಡಿಯಲ್ಲಿ ನಾಲ್ಕು ವರ್ಷ ಕಳೆದು ಶಾಂತ ಊರಿನ ದಂಡಿಗೆ ಬಂದ ಮೇಲೆ ರೋಗ ಕಂಡರೆ ರೋಗದ ಬೇರು ಆ ಊರಿನಲ್ಲೇ ಇದೆ ಎನ್ನುವುದು ಯಾವ ವೈದ್ಯಶಾಸ್ತ್ರ?

ಇಷ್ಟೆಲ್ಲ ತೀರ್ಪುಗಳು ಬಂದರೂ ಒಬ್ಬೊಬ್ಬ ಸೈನಿಕನೂ ಬೇರೆಬೇರೆಯಾಗಿ ಕೋರ್ಟಿಗೆ ಹೋಗಿ ಅದೇ ತೀರ್ಪನ್ನು ತನ್ನ ಹೆಸರಿಗೆ ಬರೆಸಿಕೊಂಡು ಬರಬೇಕು ಎಂಬುದು ನನಗೆ ಅತ್ಯಂತ ನೋವಿನ ಸಂಗತಿ.

ಹಣದ ಲೆಕ್ಕ ಒಂದಿಷ್ಟು ತಿಳಿದಿರಲಿ. ನಿವೃತ್ತಿಯ ಸಾಮಾನ್ಯ ಪಿಂಚಣಿಯ ಮೇಲೆ ಸೇರುವ ಅಂಗವೈಕಲ್ಯದ ಭಾಗ ಶೇ. 100ರ ನಷ್ಟಕ್ಕೆ ಕೊನೆಯ ಸಂಬಳದ ಶೇ. 30. ಯುದ್ಧದ ಗಾಯವಾದರೆ ಇದಕ್ಕಿಂತ ಬಹಳ ಹೆಚ್ಚು. ಕೊನೆಯ ಸಂಬಳ 40,000 ರೂಪಾಯಿ ಎಂದಿಟ್ಟುಕೊಂಡರೆ ಶೇ. 20ರ ನಷ್ಟಕ್ಕೆ ತಿಂಗಳಿಗೆ 2,400 ರೂಪಾಯಿ, ಮೇಲೆ ತುಟ್ಟಿಭತ್ಯೆ. ಆದರೆ 1996ರ ಜನವರಿಯಿಂದ ದುಂಡಗಾಗಿಸುವ ಪದ್ಧತಿ ಬಂತು: 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದು, ಅದರ ಮೇಲಿನದನ್ನು 75 ಎಂದು, 75 ಮೀರಿದ್ದನ್ನು 100 ಎಂದು ಹಿಡಿಯಬೇಕು. ಆಗ ಅದೇ 2,400 ರೂಪಾಯಿ 6,000 ಆಗುತ್ತದೆ. ಈ ಸವಲತ್ತು ಬೋರ್ಡ್ ಔಟ್ ಆದವರಿಗೆ ಮಾತ್ರ ಎಂದು ಸರ್ಕಾರ ಹಟ ಹಿಡಿದಿತ್ತು. ಪೂರ್ತಿ ಸೇವೆ ಮುಗಿಸಿದವರಿಗೂ ಸಲ್ಲಬೇಕೆಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಮಾನವಾಯಿತು. ಹಾಗಾಗಿ ಮಂಡಳಿ 20 ಎಂದು ಬರೆದರೂ 19 ಎಂದು ಬರೆದರೂ ಕಿವಿಗೆ ವ್ಯತ್ಯಾಸವಿಲ್ಲ, ಮನೆಗೆ ತಿಂಗಳಿಗೆ 6,000 ರೂಪಾಯಿಯ ವ್ಯತ್ಯಾಸ. ಬೀಡಿ ಕಟ್ಟುವ ಕೈಗಳಿಗೆ ಆ ಮೊತ್ತದ ತೂಕ ಗೊತ್ತು.

ರಜೆಯ ಪ್ರಶ್ನೆ ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು. ಸೈನಿಕರು ಊರಿಗೆ ಬರುವುದು ಅಡಿಕೆ ಕೊಯ್ಲಿಗೆ, ತಂಗಿಯ ಮದುವೆಗೆ, ಮನೆಯ ನೇಮಕ್ಕೆ. ಬಂದವನು ಮರ ಹತ್ತುತ್ತಾನೆ, ಬೈಕಿನಲ್ಲಿ ಘಾಟಿ ಇಳಿಯುತ್ತಾನೆ. ಊರಿಗೆ ಬರುವ ದಾರಿಯಲ್ಲಿ ರೈಲ್ವೆ ನಿಲ್ದಾಣದಲ್ಲಿ ಅಪಘಾತಕ್ಕೀಡಾದ ಮದನ್ ಸಿಂಗ್ ಶೇಖಾವತ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ಸ್ವಂತ ಖರ್ಚಿನಲ್ಲಿ ಪ್ರಯಾಣ ಮಾಡಿದರೂ ಅವನು ಕರ್ತವ್ಯದಲ್ಲಿದ್ದಂತೆಯೇ ಎಂದಿತು. ಆದರೆ ಮನೆ ಸೇರಿ ಎರಡು ದಿನವಾದ ಮೇಲೆ ರಸ್ತೆ ಅಪಘಾತದಲ್ಲಿ ಶೇ. 80ರ ನಷ್ಟ ಅನುಭವಿಸಿದ ಮಾಜಿ ನಾಯಕ್ ರಾಮ್ ಸಿಂಗ್ ಅವರಿಗೆ 2022ರಲ್ಲಿ ಅದೇ ಕೋರ್ಟು ಪಿಂಚಣಿ ಇಲ್ಲ ಎಂದಿತು. ಗಾಯಕ್ಕೂ ಸೇವೆಗೂ ಏನಾದರೊಂದು ಸಂಬಂಧ ಇರಬೇಕು ಎಂಬ ತರ್ಕವನ್ನು ನಾನು ಒಪ್ಪುತ್ತೇನೆ. ಮನೆಯ ತೋಟದಲ್ಲಿ ಅಡಿಕೆ ಮರದಿಂದ ಬಿದ್ದದ್ದನ್ನು ಸೇನೆಯ ಲೆಕ್ಕಕ್ಕೆ ಹಾಕಲಾಗದು. ಆದರೆ ಈ ಗೆರೆ ಎಲ್ಲಿದೆ ಎಂದು ರಜೆಗೆ ಹೊರಡುವ ಜವಾನನಿಗೆ ಯಾರಾದರೂ ಮೊದಲೇ ಹೇಳಿರಬೇಕಲ್ಲ. ಬಿದ್ದು ಬೆನ್ನುಹುರಿ ಮುರಿದುಕೊಂಡವರ ಪಾಡು ಏನೆಂದು ಬೆಳ್ತಂಗಡಿಯವರಿಗೆ ಹೇಳಬೇಕಾಗಿಲ್ಲ. ಕೊಕ್ಕಡದ ಸೌತಡ್ಕದಲ್ಲಿ ಸೇವಾಭಾರತಿಯವರು ಬೆನ್ನುಹುರಿ ಗಾಯಾಳುಗಳಿಗಾಗಿ ಸೇವಾಧಾಮ ನಡೆಸುತ್ತಿರುವುದೇ ಅದಕ್ಕಾಗಿ. ಸೇನೆಗೆ ಅಂಥದ್ದೊಂದು ಕೇಂದ್ರ ಪುಣೆಯ ಖಡ್ಕಿಯಲ್ಲಿ 1974ರಿಂದ ಇದೆ.

ಈಗಿನ ದೊಡ್ಡ ಜಗಳ ಜೀವನಶೈಲಿಯ ಕಾಯಿಲೆಗಳದ್ದು. 2023ರಲ್ಲಿ ಬಂದ ಸಿಎಜಿ ವರದಿ, 2015-16ರಿಂದ 2019-20ರ ನಡುವೆ ವರ್ಷವರ್ಷ ನಿವೃತ್ತರಾದ ಅಧಿಕಾರಿಗಳಲ್ಲಿ ಶೇ. 36ರಿಂದ 40ರಷ್ಟು, ಜವಾನರಲ್ಲಿ ಶೇ. 15ರಿಂದ 18ರಷ್ಟು ಮಂದಿಗೆ ಅಂಗವೈಕಲ್ಯ ಪಿಂಚಣಿ ಸಿಕ್ಕಿದೆ ಎಂದು ತೋರಿಸಿ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಪಾಲನ್ನು ಎತ್ತಿ ಹೇಳಿತು. ಅದೇ ವರ್ಷದ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಯಾದವು. ಬೋರ್ಡ್ ಔಟ್ ಆಗದೆ ಸೇವೆ ಮುಗಿಸಿದವರಿಗೆ ಇನ್ನು ಮುಂದೆ ಸಿಗುವುದು 'ದುರ್ಬಲತಾ ಪರಿಹಾರ', ಪಿಂಚಣಿಯಲ್ಲ. ದುರುಪಯೋಗ ತಡೆಯಲು ಎಂದು ಸರ್ಕಾರ ಹೇಳಿತು. ಮಾಜಿ ಸೈನಿಕರ ಸಂಘಗಳು ಪ್ರತಿಭಟಿಸಿದವು. ದುರುಪಯೋಗ ನಡೆದಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಆ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. ಬಂಕರಿನಲ್ಲಿ ಕಾವಲು ನಿಲ್ಲುವ ಜವಾನನಿಗೆ ಸಿಕ್ಕಿದ್ದು ಅಧಿಕಾರಿಗೆ ಸಿಕ್ಕಿದ್ದರ ಅರ್ಧಕ್ಕೂ ಕಡಿಮೆ ಪ್ರಮಾಣ. ಕಾನೂನು ತಿಳಿದವನಿಗೆ, ಕಾಗದ ಓದಬಲ್ಲವನಿಗೆ ಹೆಚ್ಚು ಸಿಕ್ಕಿದೆ ಎಂದೇ ನಾನು ಅದನ್ನು ಓದುತ್ತೇನೆ. ಬಿಗಿ ಮಾಡುವಾಗ ಮೊದಲು ಹೊರಬೀಳುವವನು ಸಿದ್ಧಕಟ್ಟೆಯ ಹವಾಲ್ದಾರನಂಥವನೇ. ಶೈಲಿ ಎಂಬ ಮಾತನ್ನಾದರೂ ಅವನ ಬದುಕಿಗೆ ಹೇಗೆ ಹಚ್ಚುವುದು? ಎದ್ದದ್ದು, ಉಂಡದ್ದು, ಮಲಗಿದ್ದು ಎಲ್ಲವೂ ಆಜ್ಞೆಯಂತೆ.

ಶೇಕಡಾವಾರು ಬೆಳ್ತಂಗಡಿಗೆ ಹೊಸದಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಲಿನ ಗೇರು ತೋಪುಗಳ ಮೇಲೆ ಎಂಬತ್ತರ ದಶಕದಿಂದ ಸುಮಾರು ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ತೋಪುಗಳು ಕರ್ನಾಟಕ ಗೇರು ಅಭಿವೃದ್ಧಿ ನಿಗಮದವು. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಮಾಸಾಶನ ಬಂದಾಗ ಅಲ್ಲಿಯೂ ಗೆರೆ ಎಳೆದರು: ಶೇ. 25ರಿಂದ 60ರವರೆಗಿನವರಿಗೆ ಒಂದು ಮೊತ್ತ, ಅದರ ಮೇಲಿನವರಿಗೆ ಇಮ್ಮಡಿ. ಅಲ್ಲಿನ ತಾಯಂದಿರೂ ಮಗುವನ್ನು ಎತ್ತಿಕೊಂಡು ಶಿಬಿರದಿಂದ ಶಿಬಿರಕ್ಕೆ ಹೋಗಿ ವೈದ್ಯರ ಬಾಯಿಂದ ಒಂದು ಸಂಖ್ಯೆ ಹೊರಡಲೆಂದು ಕಾದರು. ವಿಷ ಸುರಿದವರ ಹತ್ತಿರ ದಾಖಲೆ, ನೋವು ತಿಂದವರ ಹತ್ತಿರ ರುಜುವಾತಿನ ಹೊಣೆ. ಸೈನಿಕನಿಗೆ ನಿಯಮವಾದರೂ ಜೊತೆಗಿದೆ, ಕೊಕ್ಕಡದವರಿಗೆ ಅದೂ ಇರಲಿಲ್ಲ. ಎರಡು ಮನೆಗಳ ನಡುವೆ ನನಗೆ ಕಂಡ ವ್ಯತ್ಯಾಸ ಅಷ್ಟೇ.

ಅಮೆರಿಕವೂ ಇದೇ ಹಾದಿಯಲ್ಲಿ ಎಡವಿ ಎಡವಿ ನಡೆದಿದೆ. ವಿಯೆಟ್ನಾಂ ಕಾಡಿನ ಮೇಲೆ ತಾನೇ ಸುರಿದ ಏಜೆಂಟ್ ಆರೆಂಜ್‌ನಿಂದ ತನ್ನ ಸೈನಿಕರಿಗೇ ಬಂದ ರೋಗಗಳನ್ನು ಸೇವೆಯವೆಂದು ಊಹಿಸುವ ಕಾನೂನು ಅಲ್ಲಿ ಬಂದದ್ದು 1991ರಲ್ಲಿ. ಇರಾಕ್, ಅಫ್ಘಾನಿಸ್ತಾನದಲ್ಲಿ ಕಸ ಸುಟ್ಟ ಹೊಗೆ ಕುಡಿದವರಿಗೆ ಅದೇ ರೀತಿಯ ರಕ್ಷಣೆ ಸಿಕ್ಕಿದ್ದು 2022ರಲ್ಲಿ. ಅಲ್ಲಿ ಪರಿಹಾರ ಶೇ. 10ರಿಂದಲೇ ಶುರುವಾಗುತ್ತದೆ. ಕಲಿಯಬೇಕಾದದ್ದು ಇದು: ಇಂಥ ಕಡೆ ದುಡಿದವನಿಗೆ ಇಂಥ ರೋಗ ಬಂದರೆ ಪ್ರಶ್ನೆ ಕೇಳಬೇಡಿ ಎಂದು ಪಟ್ಟಿಯನ್ನೇ ಬರೆದುಬಿಡುವುದು. ತೋಪಿನವನ ಕಿವಿ, ಹಿಮದವನ ಶ್ವಾಸಕೋಶ, ಸೇವೆಯುದ್ದಕ್ಕೂ ಭಾರದ ಗಾಡಿ ಓಡಿಸಿದವನ ಬೆನ್ನು. ಇವನ್ನು ಒಂದೊಂದಾಗಿ ವಿಚಾರಣೆಗೆ ಎಳೆಯಬೇಕಾದ ಅಗತ್ಯವೇ ಇಲ್ಲ.

ನಿರಾಕರಣೆಯಾದರೆ ಮೊದಲ ಮೇಲ್ಮನವಿ, ಎರಡನೆಯ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಶುರುಮಾಡಿದ ಈ ನ್ಯಾಯಮಂಡಳಿಯಲ್ಲಿ ಕರ್ನಾಟಕ ಸೇರಿರುವುದು ಕೊಚ್ಚಿ ಪೀಠಕ್ಕೆ, ಕೇರಳ ಮತ್ತು ಲಕ್ಷದ್ವೀಪದ ಜೊತೆಗೆ. ಮಂಗಳೂರಿನಿಂದ ರೈಲಿನಲ್ಲಿ ಇಡೀ ಹಗಲಿನ ದಾರಿ. ಕರಾವಳಿಯವರಿಗೆ ಅದು ಹೇಗೋ ಆದೀತು, ಬೀದರಿನ ಮಾಜಿ ಸೈನಿಕನ ಗತಿ ಏನು? ಕರ್ನಾಟಕಕ್ಕೆ ಅದರದೇ ಪೀಠ ಬೇಕು ಎನ್ನುವುದು ಸವಲತ್ತಿನ ಬೇಡಿಕೆಯಲ್ಲ, ನ್ಯಾಯದ್ದು. ತಡವಾಗಿ ಎಚ್ಚೆತ್ತವರಿಗೆ ಇನ್ನೊಂದು ಪೆಟ್ಟು 2008ರ ತರ್ಸೇಮ್ ಸಿಂಗ್ ತೀರ್ಪಿನದು: ಹಕ್ಕು ಸಾಯುವುದಿಲ್ಲ, ಆದರೆ ಬಾಕಿ ಸಿಗುವುದು ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಮಂಡಳಿಯ ಒಂದು ಸಾಲನ್ನು ಹವಾಲ್ದಾರರಿಗೆ ಅವರ ಭಾಷೆಯಲ್ಲಿ ಅಂದೇ ಓದಿ ಹೇಳಿದ್ದರೆ ಅವರ 13 ವರ್ಷದ ಬಾಕಿ ಉಳಿಯುತ್ತಿತ್ತು. ಅದಕ್ಕೆ ಐದು ನಿಮಿಷ ಸಾಕಿತ್ತು.

ಮುಂದಿನವರ ಸ್ಥಿತಿ ಬೇರೆ. ಅಗ್ನಿಪಥದಲ್ಲಿ ಸೇರಿದ ಹುಡುಗರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕನ ಸ್ಥಾನವೂ ಇಲ್ಲ. ಸೇವೆಯಿಂದ ನಷ್ಟವಾದರೆ ಪ್ರಮಾಣಕ್ಕೆ ತಕ್ಕಂತೆ 15, 25 ಇಲ್ಲವೇ 44 ಲಕ್ಷ ರೂಪಾಯಿಯ ಇಡಿಗಂಟು. ತಕ್ಷಣ ಕಾಣುವ ಗಾಯಕ್ಕೆ ಅದು ನೆರವಾದೀತು. ಆದರೆ ಕಿವಿ, ಬೆನ್ನು, ಮನಸ್ಸು ನಾಲ್ಕು ವರ್ಷದೊಳಗೆ ತಮ್ಮ ಲೆಕ್ಕ ಒಪ್ಪಿಸುವುದಿಲ್ಲ. ತರಬೇತಿಯಲ್ಲೇ ಗಾಯಗೊಂಡು ಹೊರಬಿದ್ದ ಕೆಡೆಟ್‌ಗಳ ಪಾಡನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಬೆಳಗಾಗುವ ಮೊದಲೇ ಓಡುವ ಹುಡುಗರಿಗೆ ಎತ್ತರ, ಎದೆಯಳತೆ, 1,600 ಮೀಟರಿನ ಓಟದ ಸಮಯ ಎಲ್ಲವೂ ಬಾಯಿಪಾಠ. ಸೇರುವಾಗಿನ ವೈದ್ಯಕೀಯ ಹಾಳೆಯ ಪ್ರತಿ ಇಟ್ಟುಕೊಳ್ಳಿ ಎಂದು ಅವರಲ್ಲಿ ಒಬ್ಬನಿಗೆ ಹೇಳಿದೆ. ಅವನು ಅದನ್ನು ಮೊಬೈಲಿನಲ್ಲಿ ಬರೆದುಕೊಂಡ.

ಸಿದ್ಧಕಟ್ಟೆಯ ಟ್ರಂಕಿನಲ್ಲಿ ಇಲ್ಲದ್ದು ಆ ಹಾಳೆಯೇ. ಡಿಸ್ಚಾರ್ಜ್ ಪುಸ್ತಕ ಇದೆ, ಪಿಂಚಣಿ ಆದೇಶ ಇದೆ, ಎರಡು ಪದಕಗಳ ಡಬ್ಬಿ ಇದೆ, ಜಲಂಧರ್‌ನಲ್ಲಿ ತೆಗೆಸಿದ ಬ್ಯಾಟರಿಯ ಗ್ರೂಪ್ ಫೋಟೊ ಇದೆ. 1987ರಲ್ಲಿ ಹತ್ತೊಂಬತ್ತರ ಹುಡುಗನ ಎರಡೂ ಕಿವಿಗಳನ್ನು ಪರೀಕ್ಷಿಸಿ ಸರಿಯಾಗಿವೆ ಎಂದು ಸೇನೆಯ ವೈದ್ಯರು ಬರೆದ ಕಾಗದ ಮಾತ್ರ ದೂರದ ರೆಕಾರ್ಡ್ ಆಫೀಸಿನಲ್ಲಿದೆ. ಇಡೀ ವಾದ ನಿಲ್ಲಬೇಕಾದದ್ದು ಅದರ ಮೇಲೆ. ಆ ಮಧ್ಯಾಹ್ನ ನಾವು ಮಾಹಿತಿ ಹಕ್ಕಿನ ಅರ್ಜಿ ಬರೆದೆವು. ಮಗ ಇಂಗ್ಲಿಷಿನಲ್ಲಿ ಟೈಪ್ ಮಾಡಿದ, ನಾನು ಕನ್ನಡದಲ್ಲಿ ಜೋರಾಗಿ ಓದಿ ಹೇಳಿದೆ, ಒಂದೊಂದು ಸಾಲಿಗೂ ಅವರು ತಲೆಯಾಡಿಸಿದ ಮೇಲೆಯೇ ಮುಂದಿನ ಸಾಲು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಬಿ.ಸಿ.ರೋಡಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ತಂದುಕೊಟ್ಟ ಮೇಲೆ ಅವರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪದಕಗಳ ಡಬ್ಬಿಯ ಮೇಲಿಟ್ಟರು.

"ಎಷ್ಟು ದಿನದಲ್ಲಿ ಕೊಡಬೇಕಂತೆ?"

ಮೂವತ್ತು ದಿನ ಎಂದು ಬಲಗಿವಿಯ ಹತ್ತಿರ ಹೇಳಿದೆ. ಅವರು ಬೆರಳು ಮಡಚಿ ಎಣಿಸಿದರು. "ಹಾಗಾದರೆ ಪತ್ತನಾಜೆಗೆ ಮೊದಲು ಬರಬೇಕು" ಎಂದು ಹೆಂಡತಿಗೆ ಹೇಳಿ ಟ್ರಂಕಿಗೆ ಬೀಗ ಹಾಕಿದರು.